ಒರತೆಗೆ ಹೊರಟವಳು

ಒಂಟೆ ತೀರಿಕೊಂಡಳು. ಭಾನುವಾರ ಮಧ್ಯಾಹ್ನ, ಊರಾಚೆಯ ಇಟ್ಟಿಗೆ ಗೂಡಿನ ಬಯಲಿನಲ್ಲಿ, ಇಟ್ಟಿಗೆ ರಾಶಿಗೆ ಒರಗಿ ಕುಳಿತವಳು ಮತ್ತೆ ಏಳಲಿಲ್ಲ. ಹೃದಯ ನಿಂತಿತು ಎಂದು ಆಸ್ಪತ್ರೆಯವರು ಹೇಳಿದರು. ನನಗೆ ಫೋನು ಮಾಡಿದವನು ಅವಳು ಬಾಡಿಗೆಗಿದ್ದ ಕೋಣೆಯ ಮಾಲೀಕ, ದರ್ಜಿ. ಸುದ್ದಿ ಹೇಳಿ ಮುಗಿಸಿದ ಮೇಲೂ ಅವನು ಫೋನು ಇಡಲಿಲ್ಲ. ಆ ಕಡೆ ಹೊಲಿಗೆ ಯಂತ್ರ ನಿಂತಿತ್ತು.

ಒಂಟೆ ನನ್ನ ಗೆಳತಿ. ಡಯಾಲಿಸಿಸ್ ವಾರ್ಡಿನಲ್ಲಿ ಕಿಟಕಿಯ ಪಕ್ಕದ ಹಾಸಿಗೆ ಅವಳದು, ಅದರ ಪಕ್ಕದ್ದು ನನ್ನದು. ಒಂದೇ ದಿನ, ಒಂದೇ ಸರದಿಯಲ್ಲಿ, ಎಷ್ಟೋ ವರ್ಷ ನಮ್ಮಿಬ್ಬರ ರಕ್ತ ಅಕ್ಕಪಕ್ಕದ ಯಂತ್ರಗಳಲ್ಲಿ ತೊಳೆಸಿಕೊಂಡು ವಾಪಸು ಬಂದಿದೆ. ಅಂಥ ನೆಂಟಸ್ತಿಕೆಗೆ ಯಾವ ಹೆಸರಿಡಬೇಕೋ ನನಗೆ ತಿಳಿಯದು. ಅವಳಿಗೆ ನಾನು ಕನ್ನಡಕದಕ್ಕ. ಗ್ರಂಥಾಲಯದಲ್ಲಿ ಕೆಲಸ ಮಾಡಿ ನಿವೃತ್ತಳಾದವಳು ನಾನು; ಸೂಜಿ ಚುಚ್ಚಿಸಿಕೊಂಡ ಕೂಡಲೇ ಕನ್ನಡಕ ಹಾಕಿಕೊಂಡು ಪುಸ್ತಕ ತೆರೆಯುತ್ತಿದ್ದೆ.

ಮೊದಲ ದಿನ ಅವಳು ತಾನಾಗಿಯೇ ಮಾತು ತೆಗೆದಳು.

"ಕನ್ನಡಕದಕ್ಕಾ, ಅದ್ರಲ್ಲೇನು ಬರೆದಿದ್ದಾರೆ?"

"ಕಥೆ."

"ನನಗೂ ಕೇಳೋ ಹಾಗೆ ಓದ್ತೀರಾ? ಕೈ ಎರಡೂ ಕಟ್ಟಿಹಾಕಿದ ಹಾಗಾಗಿದೆ, ಕಿವಿ ಮಾತ್ರ ಖಾಲಿ ಕೂತಿದೆ."

ಓದಿದೆ. ಕಥೆಯಲ್ಲಿ ಯಾರೋ ದೋಣಿ ಹತ್ತಿ ಹೊಳೆ ದಾಟುವ ಭಾಗ ಬಂತು. ನಾಲ್ಕು ಸಾಲು ಮುಗಿಯುವುದರೊಳಗೆ ಅವಳು ಮುಖ ಗೋಡೆಯ ಕಡೆ ತಿರುಗಿಸಿದಳು. "ಹೊಳೆ ಬಂದ್ರೆ ಪುಟ ತಿರುವಿಬಿಡಿ ಅಕ್ಕಾ. ಮಳೆ ಬಂದ್ರೂ ಅಷ್ಟೇ. ನಾಲಿಗೆ ತಡೆಯಲ್ಲ."

ಆಮೇಲಿಂದ ಹಾಗೇ ಮಾಡಿದೆ. ಎಷ್ಟೋ ಕಾದಂಬರಿಗಳನ್ನು ನಾನು ಅವಳಿಗೆ ಒಂದು ಹನಿ ನೀರಿಲ್ಲದೆ ಓದಿ ಹೇಳಿದ್ದೇನೆ. ಕಥಾನಾಯಕರು ಹೊಳೆಯ ಈ ದಡದಲ್ಲಿ ಬೇರೆಯಾಗಿ ಆ ದಡದಲ್ಲಿ ಮದುವೆಯಾಗಿಬಿಡುತ್ತಿದ್ದರು. "ನಡುವೆ ಏನಾಯ್ತು?" ಎಂದು ಅವಳು ಕೇಳುವಳು. "ಒದ್ದೆಯಾದರು" ಎನ್ನುವೆ. "ಸರಿ ಸರಿ, ಮುಂದೆ ಹೋಗು." ಅಷ್ಟರಲ್ಲಿ 'ನೀವು' ಹೋಗಿ 'ನೀನು' ಬಂದಿತ್ತು.

ಮೂತ್ರಪಿಂಡ ಕೆಟ್ಟವರಿಗೆ ಹಸಿವಿನ ಕಷ್ಟ ಅಷ್ಟಿಲ್ಲ, ಬಾಯಾರಿಕೆಯ ಕಷ್ಟವೇ ಕಷ್ಟ. ಕುಡಿದ ನೀರು ಹೊರಗೆ ಹೋಗುವ ದಾರಿ ಮುಚ್ಚಿದೆ. ಹೆಚ್ಚಾದದ್ದು ಕಾಲಿಗೆ, ಮುಖಕ್ಕೆ, ಕೊನೆಗೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಹಾಗಾಗಿ ಇಡೀ ದಿನಕ್ಕೆ ಇಷ್ಟೇ ಎಂದು ಅಳೆದುಕೊಡುತ್ತಾರೆ. ವಾರ್ಡಿನ ಬಾಗಿಲಲ್ಲೇ ತೂಕದ ಯಂತ್ರ. ಹಿಂದಿನ ಸಲಕ್ಕಿಂತ ಹೆಚ್ಚು ತೂಗಿದರೆ ಅದು ಕದ್ದು ಕುಡಿದ ನೀರು. ಹಿರಿಯ ಸಿಸ್ಟರು ಅಲ್ಲಿ ಕೈಕಟ್ಟಿ ನಿಂತಿರುತ್ತಾರೆ. ಬಸ್ ಕಂಡಕ್ಟರೊಬ್ಬರು ನಮ್ಮ ಸರದಿಯಲ್ಲಿದ್ದರು; ಅವರು ಚಪ್ಪಲಿ, ಬೆಲ್ಟು, ಕೈಗಡಿಯಾರ ಎಲ್ಲ ಬಿಚ್ಚಿಟ್ಟು ಉಸಿರು ಬಿಗಿಹಿಡಿದು ಹತ್ತುವರು. "ಉಸಿರಿಗೆ ತೂಕ ಇಲ್ಲ ಸ್ವಾಮಿ, ಬಿಡಿ" ಎನ್ನುವರು ಸಿಸ್ಟರು.

ಒಂಟೆ ಮಾತ್ರ ಆ ತೂಕದ ಯಂತ್ರದ ಮೇಲೆ ಮಹಾರಾಣಿಯಂತೆ ಹತ್ತಿ ಇಳಿಯುತ್ತಿದ್ದಳು. ಅವಳ ತೂಕ ಹೆಚ್ಚುತ್ತಿರಲಿಲ್ಲ. ಬಾಯಿಗೆ ನೀರು ತುಂಬಿಕೊಂಡು, ಕಣ್ಣು ಮುಚ್ಚಿ, ಕೆನ್ನೆಯಲ್ಲಿ ಆಡಿಸಿ, ಒಂದು ಹನಿಯೂ ಗಂಟಲಿಗಿಳಿಯದ ಹಾಗೆ ಉಗುಳಿಬಿಡುವಳು. ದರ್ಜಿಯ ಅಂಗಡಿಯ ಹಿಂದೆ ಅವಳ ಕೋಣೆ. ಕೋಣೆಯ ಹೊಸ್ತಿಲ ಪಕ್ಕದಲ್ಲಿ ದರ್ಜಿಯ ಹೂಕುಂಡ. ಉಗುಳಿದ್ದೆಲ್ಲ ಅದಕ್ಕೇ.

"ನೋಡಯ್ಯಾ, ನಿನ್ನ ಗಿಡ ಹೂ ಬಿಟ್ಟಿರೋದು ನನ್ನ ಎಂಜಲಲ್ಲಿ" ಎಂದು ಅವಳು ದರ್ಜಿಗೆ ಹೇಳುವಳು.

"ಅದಕ್ಕೇ ಇರ್ಬೇಕು, ಅದೂ ನಿನ್ನ ಥರ ನನ್ನ ಮಾತು ಕೇಳಲ್ಲ" ಎಂದು ಅವನು.

ಹಾಗೆ ಬಾಯಾರಿಕೆಯನ್ನು ಗೆಲ್ಲುವುದು ಅವಳಿಗೆ ಹೊಸದಾಗಿರಲಿಲ್ಲ. ಆ ಅಡ್ಡಹೆಸರು ಬಂದದ್ದೇ ಅದರಿಂದ. ಅಡ್ಡಹೆಸರಿನ ಹಿಂದೆ ಅವಳ ರೋಗದ ಕಥೆಯೂ ಇದೆ. ಅದನ್ನು ಅವಳು ಒಂದೇ ಸಲಕ್ಕೆ ಹೇಳಲಿಲ್ಲ. ಒಂದೊಂದು ಸರದಿಗೆ ಒಂದೊಂದು ತುಣುಕು.

ಅವಳು ಗುಡ್ಡದವಳು. ಬಯಲಿನವರು ಬರುವ ಮೊದಲಿನಿಂದ ಗುಡ್ಡದಲ್ಲೇ ಇದ್ದವರು ಅವಳ ಜನ. ಗೆಡ್ಡೆ, ಎಲೆ, ಜೇನು, ಅಂಟು ತಂದು ಬದುಕಿದವರು. ಕಾಡಿಗೆ ಬೇಲಿ ಬಂದ ಮೇಲೆ ಆ ಬದುಕು ಅರ್ಧ ವರ್ಷಕ್ಕೆ ಮಾತ್ರ ಸಾಲುತ್ತಿತ್ತು. ಒಣ ತಿಂಗಳುಗಳು ಶುರುವಾದಾಗ ಗುಡ್ಡದ ಬುಡಕ್ಕೆ ಲಾರಿ ಬರುತ್ತಿತ್ತು. ಜನ ಅದನ್ನು ಹತ್ತಿ ಇಟ್ಟಿಗೆ ಗೂಡಿಗೆ ಇಳಿಯುವರು. ಮೋಡ ಕಟ್ಟಿದಾಗ ಗೂಡಿನ ಬೆಂಕಿ ಆರುತ್ತದೆ, ಇವರು ಮರಳುವರು. ಒಂಟೆ ಮೊದಲ ಸಲ ಆ ಲಾರಿ ಹತ್ತಿದ್ದು ಅಕ್ಕನ ಕೈ ಹಿಡಿದುಕೊಂಡು, ಲಂಗ ಹಾಕುವ ವಯಸ್ಸಿನಲ್ಲಿ.

ಅವರ ಗುಡ್ಡದಲ್ಲಿ ಒಂದು ಒರತೆ ಇದೆ. ಎರಡು ಬಂಡೆಗಳ ಸಂದಿನಿಂದ ನೀರು ಒಸರಿ ಅಂಗೈ ಅಗಲದ ಗುಂಡಿಯಲ್ಲಿ ನಿಲ್ಲುತ್ತದಂತೆ. ಹೆಂಗಸರು ಮುಂಜಾನೆ ಹೋಗಿ, ಮೊಣಕಾಲೂರಿ, ಬಗ್ಗಿ, ಬಾಯಿ ಹಚ್ಚಿ, ಹೊಟ್ಟೆ ಬಿಗಿಯುವವರೆಗೆ ಕುಡಿದುಬಿಡುವರು. ಆಮೇಲೆ ಕಾಡು ಸುತ್ತಿ ಸಂಜೆ ಬರುವ ತನಕ ನೀರಿನ ನೆನಪಿಲ್ಲ. ನೆರಳಿನ ಕಾಡು, ತಂಪು ಗಾಳಿ; ಬೆವರುವುದೇ ಕಡಿಮೆ. ಬೇಕಾದಾಗ ಮರೆಗೆ ಹೋಗಲು ಹೆಜ್ಜೆಗೊಂದು ಪೊದೆ. ಗುಡ್ಡದಲ್ಲಿ ಅದು ಸರಿಯಾದ ಅಭ್ಯಾಸವೇ.

ಅದೇ ಅಭ್ಯಾಸವನ್ನು ಅವರು ಗೂಡಿಗೂ ಹೊತ್ತು ತಂದರು.

ಗೂಡಿನ ಬಯಲನ್ನು ನಾನು ಈಗ ನೋಡಿದ್ದೇನೆ. ಇಟ್ಟಿಗೆಗೆಂದು ಮಣ್ಣು ಕೆರೆದೂ ಕೆರೆದೂ ನೆಲ ತಟ್ಟೆಯ ಹಾಗೆ ಸಪಾಟಾಗಿದೆ. ಒಂದು ಪೊದೆಯಿಲ್ಲ. ಹಸಿ ಇಟ್ಟಿಗೆ ಒಣಗಿಸಿದ ಸಾಲುಗಳು, ನಡುವೆ ಗೂಡು, ಅದರ ಮೇಲೆ ಬೆಂಕಿ ನೋಡಿಕೊಳ್ಳುವ ಗಂಡಸರು. ಆ ಎತ್ತರದಲ್ಲಿ ನಿಂತವರಿಗೆ ಬಯಲಿನ ಮೂಲೆ ಮೂಲೆಯೂ ಕಾಣುತ್ತದೆ. ಹೆಂಗಸರು ತಲೆಯ ಮೇಲೆ ಹಲಗೆ ಇಟ್ಟುಕೊಂಡು ಹಸಿ ಇಟ್ಟಿಗೆಯನ್ನು ಒಳಗೆ ಹೊರುವರು, ಬೆಂದದ್ದನ್ನು ಇನ್ನೂ ಬಿಸಿ ಇರುವಾಗಲೇ ಹೊರಗೆ ಹೊರುವರು. ಅಲ್ಲಿ ಹೆಂಗಸರಿಗೆ ಮರೆ ಎಂಬುದೇ ಇಲ್ಲ. ಕತ್ತಲಾಗಬೇಕು. ಹಾಗಾಗಿ ಬೆಳಕು ಹರಿಯುವ ಮುಂಚೆ ಹೊಟ್ಟೆ ತುಂಬ ಕುಡಿದು, ಮುಸ್ಸಂಜೆಯವರೆಗೆ ಬಾಯಿ ಕಟ್ಟಿಕೊಳ್ಳುವುದು ಗುಡ್ಡದ ಹೆಂಗಸರ ಉಪಾಯ. ನಮಗಿದು ಅಭ್ಯಾಸ ಇದೆ, ಬಯಲಿನ ಹೆಂಗಸರಿಗಿಲ್ಲ ಎಂದು ಅವರಿಗೆ ಜಂಬ ಬೇರೆ.

"ಮೇಸ್ತ್ರಿ ಒಂದಿನ ಎಲ್ಲರ ಎದುರಿಗೆ ಹೇಳ್ದ" ಎಂದು ಅವಳು ಹೇಳುತ್ತಿದ್ದಳು. "'ನೋಡ್ರೋ ಇವಳನ್ನ, ಬೆಳಗ್ಗೆ ಕುಡಿದದ್ದೇ ಕುಡಿದದ್ದು. ಹೆಣ್ಣಲ್ಲ ಇವಳು, ಒಂಟೆ!' ಅಂತ. ನನಗೆ ಏನು ಖುಷಿ ಅಂತೀಯಾ ಅಕ್ಕಾ! ಪದಕ ಕೊಟ್ಟ ಹಾಗಾಯ್ತು. ಆಮೇಲೆ ಇನ್ನೂ ಬಿಗಿಹಿಡಿದೆ."

ಸಂಜೆಗೆ ಮೈಕೈ ನೋವು. ಮೇಸ್ತ್ರಿಯ ಹೆಂಡತಿ ಮನೆಯಲ್ಲಿ ನೋವಿನ ಗುಳಿಗೆಯ ಡಬ್ಬ ಇಟ್ಟಿದ್ದಳು. ಅವಳು ಕೆಟ್ಟವಳಲ್ಲ, ಮಕ್ಕಳಿಗೆ ಮಿಠಾಯಿ ಹಂಚುವ ಹಾಗೆ ಕೇಳಿದವರಿಗೆಲ್ಲ ಹಂಚುತ್ತಿದ್ದಳು. ಬೆಂಕಿ, ಬೆವರು, ಒಣಗಿದ ಮೈ, ಅದರ ಮೇಲೆ ಗುಳಿಗೆ. ಹೀಗೇ ವರ್ಷಗಳು ಕಳೆದವು. ಮದುವೆಯಾಯಿತು, ಮಗಳು ಹುಟ್ಟಿದಳು, ಗಂಡ ಹಾವು ಕಚ್ಚಿ ಸತ್ತ. ಒಂದು ಬೆಳಗ್ಗೆ ಎದ್ದಾಗ ಮುಖ ಊದಿತ್ತು. ಊದಿದ ಮುಖಕ್ಕೆ ಗುಡ್ಡದಲ್ಲಿ ಎಲೆ ಅರೆದು ಹಚ್ಚಿದರು. ಉಸಿರು ಕಟ್ಟಿದಾಗ ಲಾರಿಯಲ್ಲಿ ಹಾಕಿಕೊಂಡು ಪೇಟೆಗೆ ತಂದರು. ಅಷ್ಟು ಹೊತ್ತಿಗೆ ಎರಡೂ ಮೂತ್ರಪಿಂಡಗಳು ಒಣಗಿ ಸಣ್ಣಗಾಗಿದ್ದವು.

ಒಮ್ಮೆ ಹಿರಿಯ ಸಿಸ್ಟರು ಪಟ್ಟಿ ಕಟ್ಟುತ್ತಾ ನನ್ನೊಡನೆ ತಗ್ಗಿದ ದನಿಯಲ್ಲಿ ಹೇಳಿದರು: "ನಿಮ್ಮಂಥವರಿಗೆ ಸಕ್ಕರೆ ಕಾಯಿಲೆಯಿಂದ ಬಂತು, ಬಿ.ಪಿ.ಯಿಂದ ಬಂತು ಅಂತೀವಿ ಮೇಡಂ. ಈ ಗುಡ್ಡದವರಿಗೆ ಸಕ್ಕರೇನೂ ಇಲ್ಲ, ಬಿ.ಪಿ.ನೂ ಇರ್ಲಿಲ್ಲ. ವಯಸ್ಸೂ ಇಲ್ಲ. ಆದ್ರೂ ಬರ್ತಾನೇ ಇದ್ದಾರೆ."

ಒಂಟೆಗೆ ಕೇಳಿಸಿತ್ತು. "ನಾವು ಕಾರಣ ಇಲ್ದೆ ಎಲ್ಲಿಗೂ ಬರಲ್ಲ ಸಿಸ್ಟರ್" ಎಂದಳು, ಕಣ್ಣು ತೆರೆಯದೆ.

ಡಯಾಲಿಸಿಸ್ ಪೇಟೆಯಲ್ಲಿ ಮಾತ್ರ. ಆದ್ದರಿಂದ ಅವಳು ಪೇಟೆಯಲ್ಲೇ ಉಳಿದಳು. ದರ್ಜಿಯ ಕೋಣೆ ಹಿಡಿದು, ಅವನ ಅಂಗಿಗಳಿಗೆ ಗುಂಡಿ ಹೊಲಿದುಕೊಡುತ್ತಾ, ಉಳಿದ ತುಂಡುಬಟ್ಟೆಗಳನ್ನು ಕೂಡಿಸಿ ತನಗೊಂದು ಹೊದಿಕೆ ಹೊಲಿದುಕೊಂಡಳು. ರಕ್ತ ಯಂತ್ರದಲ್ಲಿ ಸುತ್ತುವಾಗ ಮೈ ಚಳಿ ಹಿಡಿಯುತ್ತದೆ. ಆ ಹೊದಿಕೆ ವಾರ್ಡಿಗೂ ಬರುತ್ತಿತ್ತು. ಅದರಲ್ಲಿ ಊರಿನ ಅರ್ಧ ಜನರ ಅಂಗಿಯ ಚೂರು ಇತ್ತು. "ಇದು ಡಾಕ್ಟ್ರ ಪ್ಯಾಂಟು" ಎಂದು ಒಂದು ಬೂದು ಚೌಕವನ್ನು ತೋರಿಸಿ ನಗುವಳು.

ಗುಡ್ಡ ದೂರವಿತ್ತು. ಹೋಗಲು ಎರಡು ದಿನ, ಬರಲು ಎರಡು ದಿನ. ನಡುವೆ ಲಾರಿ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ನಡಿಗೆ. ಎರಡು ಸರದಿಗಳ ನಡುವಿನ ಬಿಡುವಿನಲ್ಲಿ ಹೋಗಿ ಬರುವಂತಿರಲಿಲ್ಲ. ಒಂದು ಸರದಿ ತಪ್ಪಿದರೆ ಏನಾಗುತ್ತದೆ ಎಂಬುದನ್ನು ನಾವೆಲ್ಲರೂ ಖಾಲಿಯಾದ ಹಾಸಿಗೆಗಳಲ್ಲಿ ನೋಡಿದ್ದೆವು. ಹಾಗಾಗಿ ಅವಳಿಗೆ ಗುಡ್ಡ ಎಂದರೆ ಫೋನಿನೊಳಗಿನ ಅಕ್ಕನ ದನಿ. ಗುಡ್ಡದ ಮಾತಿನಲ್ಲಿ ಇಬ್ಬರೂ ಹರಟುವರು. ಅದರಲ್ಲಿ ನನಗೆ ಗುರುತು ಸಿಗುತ್ತಿದ್ದ ಪದ ನೀರು ಒಂದೇ. ಅದು ಪದೇ ಪದೇ ಬರುತ್ತಿತ್ತು; ಉಳಿದದ್ದನ್ನು ಆಮೇಲೆ ಅವಳೇ ನನಗೆ ಬಿಡಿಸಿ ಹೇಳುವಳು. ಒರತೆಯಲ್ಲಿ ಇವತ್ತು ಎಷ್ಟಿದೆ, ಬಂಡೆಯ ಮೇಲೆ ಪಾಚಿ ಬಂದಿದೆಯೇ, ಗುಂಡಿಗೆ ಬಿದ್ದ ಎಲೆ ತೆಗೆದೆಯಾ. ಅಕ್ಕ ಎಲ್ಲವನ್ನೂ ಹೇಳುವಳು. ಮಾತು ಮುಗಿದ ಮೇಲೆ ಒಂಟೆ ತುಟಿ ಸವರಿಕೊಳ್ಳುವಳು.

ನಡುವೆ ಒಂದು ಸಲ ಆ ಅಕ್ಕ ಬಂದಿದ್ದಳು. "ನನ್ನ ಹತ್ರ ಎರಡಿವೆಯಂತಲ್ಲ, ಒಂದು ನಿನಗೆ. ಚಿಕ್ಕಂದಿನಲ್ಲಿ ಕಡ್ಲೆ ಹಂಚಿಕೊಂಡಿರಲಿಲ್ವಾ" ಎಂದು ವಾರ್ಡಿನ ಬಾಗಿಲಲ್ಲಿ ನಿಂತು ಹೇಳಿದಳು. ಪರೀಕ್ಷೆ ಮಾಡಿದರು. ಅಕ್ಕನ ಮೂತ್ರಪಿಂಡಗಳೂ ಅರ್ಧ ಸವೆದುಹೋಗಿದ್ದವು. ಅವಳೂ ಅದೇ ಲಾರಿ ಹತ್ತಿದವಳಲ್ಲವೇ? ಕೊಡಲು ಬಂದವಳು ತಾನೇ ಔಷಧಿ ಹಿಡಿದುಕೊಂಡು ವಾಪಸು ಹೋದಳು. ಅವಳನ್ನು ಕಳಿಸಿಕೊಟ್ಟು ಬಂದ ದಿನ ಒಂಟೆ ಕಥೆ ಓದು ಎನ್ನಲಿಲ್ಲ. ಎಡಗೈಯನ್ನು ದಿಂಬಿನ ಮೇಲಿಟ್ಟು ಅದಕ್ಕೆ ಕಿವಿ ಹಚ್ಚಿ ಮಲಗಿದ್ದಳು.

ಆ ಎಡಗೈಯ ವಿಷಯ ಹೇಳಬೇಕು. ಸೂಜಿ ಚುಚ್ಚಲೆಂದು ನಮ್ಮೆಲ್ಲರ ಕೈಯಲ್ಲೂ ಎರಡು ರಕ್ತನಾಳಗಳನ್ನು ಕೂಡಿಸಿ ಹೊಲಿದಿರುತ್ತಾರೆ. ಅಲ್ಲಿ ರಕ್ತ ಭರದಿಂದ ಹರಿಯುತ್ತದೆ; ಮುಟ್ಟಿದರೆ ಬೆರಳು ಜುಮ್ಮೆನ್ನುತ್ತದೆ, ಕಿವಿಯಿಟ್ಟರೆ ಗೊಳಗೊಳ ಸದ್ದು. ಆ ಕೈ ನಮ್ಮ ಜೀವ. ಅದರಲ್ಲಿ ಭಾರ ಎತ್ತಬಾರದು, ಹೊತ್ತುಗಟ್ಟಲೆ ಮೇಲೆತ್ತಿ ಹಿಡಿಯಬಾರದು, ಬಳೆ ಕೂಡ ಹಾಕಬಾರದು. ಒಂಟೆ ಅದನ್ನು ಹಸುಗೂಸಿನಂತೆ ಸೆರಗಿನಲ್ಲಿ ಸುತ್ತಿಕೊಂಡು ಓಡಾಡುತ್ತಿದ್ದಳು. ಸಂತೆಯ ಚೀಲವಿರಲಿ, ದರ್ಜಿಯ ಇಸ್ತ್ರಿಪೆಟ್ಟಿಗೆಯಿರಲಿ, ಎಲ್ಲ ಬಲಗೈಯಲ್ಲೇ.

"ಅದರ ಮೇಲೆ ಮಲಗಬಾರದು ಅಂತ ಹೇಳಿದ್ದಾರಲ್ಲೇ" ಎಂದೆ.

"ಮಲಗಿಲ್ಲ ಅಕ್ಕಾ, ಕಿವಿ ಇಟ್ಟಿದ್ದೀನಿ. ಕಿವಿ ಇಡಬಾರದು ಅಂತ ಯಾರೂ ಹೇಳಿಲ್ವಲ್ಲ." ಸ್ವಲ್ಪ ಹೊತ್ತಿನ ನಂತರ, "ನೀನೂ ನಿನ್ನ ಕೈ ಕೇಳಿ ನೋಡು. ನಮ್ಮ ಒರತೆ ಹೀಗೇ. ಬಂಡೆ ಸಂದಿಗೆ ಕಿವಿ ಕೊಟ್ರೆ, ಇದೇ ಸದ್ದು."

ಕೇಳಿದೆ. ನನಗೆ ರಕ್ತದ ಸದ್ದು ಕೇಳಿಸಿತು. ಅವಳು ಹೇಳಿದ ಮೇಲೆ ನೀರಿನ ಸದ್ದೂ ಕೇಳಿಸಿತು. ಈಗಲೂ ಕೇಳಿಸುತ್ತದೆ.

ಈ ವರ್ಷ ಗುಡ್ಡದ ಬುಡದವರೆಗೆ ರಸ್ತೆ ಬಂತು, ರಸ್ತೆಯ ಹಿಂದೆ ಬಸ್ಸೂ ಬಂತು. ಭಾನುವಾರ ನಡುಮಧ್ಯಾಹ್ನ ಗೂಡಿನ ಮುಂದೆಯೇ ಹಾದು ಮೇಲೆ ಹೋಗುತ್ತದೆ, ಮರುದಿನ ವಾಪಸು ಬರುತ್ತದೆ. ಬಸ್ಸು ನಿಲ್ಲುವಲ್ಲಿಂದ ಒರತೆ ಕೂಗಳತೆ. ಸುದ್ದಿ ತಂದವರು ಕಂಡಕ್ಟರು. ಅದನ್ನು ಕೇಳಿದ ಗಳಿಗೆಯಿಂದ ಒಂಟೆಯ ಬಾಯಲ್ಲಿ ಬೇರೆ ಮಾತಿಲ್ಲ.

ಡಾಕ್ಟರು ರೌಂಡ್ಸಿಗೆ ಬಂದಾಗ ಹಿಡಿದಳು. "ಒಂದು ಸಲ ಊರಿಗೆ ಹೋಗಿ ನೀರು ಕುಡಿದು ಬರ್ತೀನಿ ಡಾಕ್ಟ್ರೇ."

"ಎಷ್ಟು ಕುಡೀತೀಯಮ್ಮಾ?"

"ಹೊಟ್ಟೆ ತುಂಬ."

"ಅದು ಹೊಟ್ಟೇಲಿ ನಿಲ್ಲಲ್ಲ, ಎದೆಗೆ ಹೋಗುತ್ತೆ. ಎರಡು ಗುಟುಕು."

"ಎರಡು ಗುಟುಕಿಗೆ ಅಷ್ಟು ದೂರ ಹೋಗ್ಬೇಕಾ? ಗುಬ್ಬಚ್ಚಿನಾ ನಾನು? ಒಂದು ಚೊಂಬು ಅನ್ನಿ."

"ಅರ್ಧ ಲೋಟ."

"ಡಾಕ್ಟ್ರೇ, ನಿಮ್ಮ ಪ್ಯಾಂಟು ಹೊದ್ಕೊಂಡು ಕೇಳ್ತಿದ್ದೀನಿ."

ಡಾಕ್ಟರು ನಕ್ಕುಬಿಟ್ಟರು. ಕೊನೆಗೆ ಒಂದು ಲೋಟಕ್ಕೆ ವ್ಯಾಪಾರ ಕುದುರಿತು. ತುಂಬಿದ ಲೋಟ. ಆದರೆ ಅದನ್ನು ಮುಂಚಿನ ದಿನಗಳ ಪಾಲಿನಿಂದ ಉಳಿಸಬೇಕು. ಹೊರಡುವ ಮುಂಚೆ ಸರದಿ ಮುಗಿಸಬೇಕು, ಮಂಗಳವಾರ ಬೆಳಗ್ಗೆ ತೂಕದ ಯಂತ್ರದ ಮುಂದೆ ಹಾಜರಿರಬೇಕು.

"ಯಾವ ಲೋಟ? ನಿಮ್ಮನೇದಾ, ನಮ್ಮನೇದಾ?" ಎಂದು ಅವಳು ಅವರ ಬೆನ್ನಿಗೆ ಕೂಗಿದಳು. ಸಿಸ್ಟರು ವಾರ್ಡಿನ ಸ್ಟೀಲ್ ಲೋಟವನ್ನೇ ತಂದು ಅವಳ ಕೈಗೆ ಕೊಟ್ಟರು. "ಇದೇ. ಇದನ್ನೇ ವಾಪಸು ತಂದುಕೊಡ್ಬೇಕು."

ಆ ವಾರ ಅವಳು ನೀರು ಉಳಿಸಿದ ರೀತಿಯನ್ನು ನೋಡಬೇಕಿತ್ತು. ತುಟಿ ಸೀಳಿತ್ತು, ನಾಲಿಗೆ ಅಂಗುಳಕ್ಕೆ ಅಂಟಿ ಮಾತು ತೊದಲುತ್ತಿತ್ತು. ಆದರೂ ಮುಖದಲ್ಲಿ ಮದುವೆಗೆ ಹೊರಟವರ ಕಳೆ. "ಬಗ್ಗಿ ಬಾಯಿ ಹಚ್ಚಬೇಕು ಅಂತ ಆಸೆ. ಲೋಟದಲ್ಲಿ ಅಳೀಬೇಕಲ್ಲ, ಅದೊಂದೇ ಬೇಜಾರು" ಎಂದಳು. ಆಮೇಲೆ ಯೋಚಿಸಿ, "ಮೊದಲು ಲೋಟದಲ್ಲಿ ಮೊಗೆದು, ಅದನ್ನ ಬಂಡೆ ಮೇಲಿಟ್ಟು, ಕೈ ಮುಟ್ಟಿಸದೆ ಬಗ್ಗಿ ಕುಡಿದ್ರೆ?" ಎಂದಳು. ಒಂದು ಖಾಲಿ ಬಾಟಲಿಯನ್ನು ತೊಳೆದು ಒಣಗಿಸಿ ಗಂಟಿನಲ್ಲಿ ಹಾಕಿಕೊಂಡಳು. "ನಿನಗೂ ತರ್ತೀನಿ ಅಕ್ಕಾ. ನಿನ್ನ ಲೆಕ್ಕದಲ್ಲಿ ಒಂದು ಗುಟುಕು ಉಳಿಸಿಟ್ಟುಕೋ."

ಉಳಿಸಿಟ್ಟುಕೊಂಡಿದ್ದೆ.

ಮಗಳನ್ನೂ ಕರೆದುಕೊಂಡು ಹೋಗುವುದಿತ್ತು. ಮಗಳು ಈಗ ಅದೇ ಗೂಡಿನಲ್ಲಿ ಇಟ್ಟಿಗೆ ಹೊರುತ್ತಾಳೆ. ತಾಯಿಗೆ ಇಷ್ಟವಿರಲಿಲ್ಲ, ಬೇರೆ ಕೆಲಸವೂ ಇರಲಿಲ್ಲ. ವಾರಕ್ಕೊಮ್ಮೆ ತಾಯಿಯನ್ನು ನೋಡಲು ವಾರ್ಡಿಗೆ ಬರುವಳು. ಒಂಟೆಯ ಮೊದಲ ಪ್ರಶ್ನೆ ಯಾವಾಗಲೂ ಒಂದೇ.

"ನೀರು ಕುಡೀತಿದ್ದೀಯೇನೇ?"

"ಕುಡೀತೀನಮ್ಮಾ."

"ಎಷ್ಟು?"

"ಬೇಕಾದಷ್ಟು."

ಅಲ್ಲಿಗೆ ಮುಗಿಯುತ್ತಿತ್ತು. ಸಿಸ್ಟರು ಹುಡುಗಿಗೆ ನೀರು ಕೊಟ್ಟರೆ ಅವಳು ಬೇಡ ಎನ್ನುವಳು. ಅಳೆದು ಕುಡಿಯುವ ತಾಯಿಯ ಎದುರು ಗಟಗಟ ಕುಡಿಯಲು ಅವಳಿಗೆ ಮನಸ್ಸಾಗುತ್ತಿರಲಿಲ್ಲ. ತಾಯಿಗೂ ಅದು ಗೊತ್ತಿತ್ತು, ಮಗಳ ಮರ್ಯಾದೆಗೆ ಹಿಗ್ಗುತ್ತಿದ್ದಳು. ಹೀಗೆ, ಮಗಳು ನೀರು ಕುಡಿಯುವುದನ್ನು ಒಂಟೆ ಕಣ್ಣಾರೆ ನೋಡಿ ವರ್ಷಗಳಾಗಿದ್ದವು.

ಇನ್ನು ಮುಂದಿನದು ಮಗಳು ನನಗೆ ಹೇಳಿದ್ದು. ಎಲ್ಲ ಮುಗಿದ ಮೇಲೆ, ದರ್ಜಿಯ ಅಂಗಡಿಯಲ್ಲಿ, ಗುಂಡಿ ಹೊಲಿಯದ ಅಂಗಿಗಳ ರಾಶಿಯ ಪಕ್ಕದಲ್ಲಿ ಕುಳಿತು ಹೇಳಿದಳು. ನನ್ನನ್ನು ಅವಳು ದೊಡ್ಡಮ್ಮ ಎನ್ನುತ್ತಾಳೆ.

ಆ ಭಾನುವಾರ ಒಂಟೆ ಬೇಗನೆ ಗೂಡಿಗೆ ಹೋಗಿ ಇಳಿದಳು. ಗೂಡಿಗೆ ಭಾನುವಾರವೂ ರಜೆಯಿಲ್ಲ. ಹೊತ್ತಿಸಿದ ಬೆಂಕಿ ಕಾಯುವುದಿಲ್ಲ. ಗಂಟನ್ನು ಬಲಗೈಯಲ್ಲಿ ಹಿಡಿದು ಬಯಲಿಗೆ ಬಂದವಳನ್ನು ಮೇಸ್ತ್ರಿ ಗುರುತು ಹಿಡಿದ. ಅದೇ ಹಳೆಯ ಮೇಸ್ತ್ರಿ, ಈಗ ತಲೆ ನೆರೆತಿದೆ.

"ಯಾರಿದು, ಒಂಟೇನಾ? ಬದುಕಿದ್ದೀಯಾ! ಬಾ ಬಾ. ನಿನ್ನ ಮಗಳು ನಿನ್ನನ್ನೂ ಮೀರಿಸಿದ್ಲು ಕಣೇ. ಹೊತ್ತು ಹುಟ್ಟಿದಾಗಿಂದ ಹೊರ್ತಿದ್ದಾಳೆ, ಒಂದು ಹನಿ ಮುಟ್ಟಿಲ್ಲ. ಎಲ್ಲರೂ ಅವಳನ್ನ ಮರಿ ಒಂಟೆ ಅಂತೀವಿ."

ಅವನು ಹೊಗಳುತ್ತಿದ್ದ. ಮನಸಾರೆ ಹೊಗಳುತ್ತಿದ್ದ.

ಮಗಳು ಹಲಗೆ ಇಳಿಸಿ ಬರುವವರೆಗೆ ಒಂಟೆ ಅಲ್ಲೇ ನಿಂತಿದ್ದಳಂತೆ. ಹುಡುಗಿಯ ಮುಖದ ಮೇಲೆ ಕೆಂಪು ದೂಳು, ತುಟಿ ತಾಯಿಯದರಂತೆಯೇ ಸೀಳಿತ್ತು. ವ್ಯತ್ಯಾಸವಿಷ್ಟೇ: ತಾಯಿಯದು ಡಾಕ್ಟರ ಅಪ್ಪಣೆಯಿಂದ.

"ನೀರು ಕುಡೀತೀನಿ ಅಂದಿದ್ದೆ."

"ಕುಡೀತೀನಮ್ಮಾ. ಬೆಳಗ್ಗೆ, ಎದ್ದ ತಕ್ಷಣ. ಹೊಟ್ಟೆ ತುಂಬ."

"ಆಮೇಲೆ?"

"ಆಮೇಲೆ ಸಂಜೆ. ನೀನೂ ಹಾಗೇ ಅಲ್ವಾ?"

ಬೆಂಕಿಯವರಿಗೆಂದು ನೆರಳಿನಲ್ಲಿಟ್ಟ ನೀರಿನ ಡ್ರಮ್ಮಿತ್ತು. ಒಂಟೆ ಗಂಟು ಬಿಚ್ಚಿದಳು, ನನಗೆಂದು ತೊಳೆದಿಟ್ಟ ಬಾಟಲಿ ತೆಗೆದಳು, ಡ್ರಮ್ಮಿನಲ್ಲಿ ಮುಳುಗಿಸಿ ತುಂಬಿಸಿದಳು. ಒದ್ದೆಯಾದ ಬೆರಳನ್ನು ಸೆರಗಿಗೆ ಒರೆಸಿಕೊಂಡಳು, ನೆಕ್ಕಲಿಲ್ಲ.

"ಕುಡಿ."

"ಈಗ ಬೇಡಮ್ಮಾ, ಬಸ್ಸು ಬರುತ್ತೆ. ಬಸ್ಸಲ್ಲಿ ಹೋದ್ಮೇಲೆ..."

"ಬಸ್ಸಲ್ಲಿ ಎಲ್ಲಿಗೆ ಎದ್ದು ಹೋಗ್ತೀಯ? ಈಗ್ಲೇ ಕುಡಿ. ನನ್ನೆದುರಿಗೆ."

ಮಗಳು ಕುಡಿದಳು. "ಅಮ್ಮ ನನ್ನ ಗಂಟಲನ್ನೇ ನೋಡ್ತಾ ನಿಂತಿದ್ಲು ದೊಡ್ಡಮ್ಮಾ. ಒಂದೊಂದು ಗುಟುಕಿಗೂ ಅವಳ ಗಂಟಲೂ ಮೇಲೆ ಕೆಳಗೆ ಹೋಗ್ತಿತ್ತು" ಎಂದಳು ನನಗೆ.

ಬಾಟಲಿ ಖಾಲಿಯಾಯಿತು. "ಈಗ ಹೋಗಿ ಬಾ" ಎಂದಳು ಒಂಟೆ.

"ಎಲ್ಲಿಗೆ?"

ಒಂಟೆ ಸುತ್ತ ನೋಡಿದಳು. ಎರಡು ಇಟ್ಟಿಗೆ ರಾಶಿಗಳ ನಡುವೆ ಒಂದು ಸಂದಿತ್ತು. ಹಿಂದೆ ಪೇರಿಸಿದ ಇಟ್ಟಿಗೆಯ ಗೋಡೆ, ಮುಂದೆ ಬಟಾಬಯಲು. ಅವಳು ಗಂಟಿನಿಂದ ತುಂಡುಬಟ್ಟೆಯ ಹೊದಿಕೆಯನ್ನು ತೆಗೆದು ಕೊಡವಿ, ಆ ಸಂದಿಗೆ ಬೆನ್ನು ಹಾಕಿ ನಿಂತು, ಎರಡೂ ಕೈ ಅಗಲಿಸಿ ಬೆನ್ನ ಹಿಂದೆ ಪರದೆಯಂತೆ ಎತ್ತಿ ಹಿಡಿದಳು. ಎಡಗೈಯನ್ನೂ. ಗೂಡಿನ ಮೇಲಿದ್ದ ಗಂಡಸರಿಗೆ ಕೂಗಿದಳು: "ಏಯ್, ಆ ಕಡೆ ತಿರುಗ್ರೋ! ಬೆಂಕಿ ನೋಡೋಕೆ ಸಂಬಳ ಕೊಡೋದು ನಿಮಗೆ, ಇಲ್ಲಿ ನೋಡೋಕಲ್ಲ!"

ಅವರು ತಿರುಗಿದರು. ಮೇಸ್ತ್ರಿಯೂ ಯಾಕೋ ತಲೆ ತಗ್ಗಿಸಿ ಆಚೆ ಹೋದ.

ಮಗಳು ಹೊರಗೆ ಬರುವಷ್ಟರಲ್ಲಿ ಇನ್ನೊಬ್ಬಳು ಹಲಗೆ ಕೆಳಗಿಟ್ಟು ನಿಂತಿದ್ದಳು, ಗುಡ್ಡದವಳೇ. "ಅಕ್ಕಾ, ನಾನೂ ಹೋಗ್ಲಾ?"

"ನೀರು ಕುಡಿದಿದ್ದೀಯಾ?"

"ಇಲ್ಲ."

"ಕುಡಿದು ಬಾ. ಕುಡೀದೆ ಇರೋರಿಗೆ ಈ ಬಾಗಿಲು ತೆಗಿಯಲ್ಲ."

ಹೆಂಗಸರು ನಕ್ಕರು. ನಗುತ್ತಾ ಒಬ್ಬೊಬ್ಬರೇ ಡ್ರಮ್ಮಿನ ಹತ್ತಿರ ಹೋದರು. ಗಂಟಿನಲ್ಲಿದ್ದ ಸ್ಟೀಲ್ ಲೋಟವೂ ಹೊರಗೆ ಬಂತು. ಮಗಳು ಮೊಗೆದು ಮೊಗೆದು ಕೊಟ್ಟಳು. ಮಧ್ಯಾಹ್ನದ ಬಿಸಿಲಿನಲ್ಲಿ ಗುಡ್ಡದ ಹೆಂಗಸರು ಎಲ್ಲರೆದುರು ನೀರು ಕುಡಿದದ್ದು ಆ ಬಯಲಿನಲ್ಲಿ ಅದೇ ಮೊದಲಿರಬೇಕು. ಕುಡಿದವರು ಬಂದು ಪರದೆಯ ಮುಂದೆ ಸಾಲು ನಿಂತರು. ಒಬ್ಬರನ್ನೊಬ್ಬರು ಕಿಚಾಯಿಸುತ್ತಿದ್ದರು. "ಬೇಗ ಬಾರೇ, ಒಳಗೇ ಸಂಸಾರ ಹೂಡ್ಬೇಡ!"

ಅಷ್ಟರಲ್ಲಿ ರಸ್ತೆಯಲ್ಲಿ ಬಸ್ಸು ಬಂದು ನಿಂತಿತು. ಹಾರನ್ ಮಾಡಿತು.

"ಅಮ್ಮಾ, ಬಸ್ಸು!" ಎಂದು ಮಗಳು ಗಂಟು ಎತ್ತಿಕೊಂಡಳು.

ಒಂಟೆ ಬಸ್ಸಿನ ಕಡೆ ನೋಡಿದಳು. ತುಂಬ ಹೊತ್ತು ನೋಡಿದಳು ಎಂದು ಮಗಳು ಹೇಳುತ್ತಾಳೆ. ಆ ಹೊತ್ತು ಎಷ್ಟು ಎಂದು ನಾನು ಕೇಳಲಿಲ್ಲ. ಆಮೇಲೆ ಸಾಲಿನ ಕಡೆ ನೋಡಿದಳು.

"ನಾನು ಹೇಳ್ದೆ ಅಂತ ಕುಡಿದಿದ್ದಾರೆ ಕಣೇ. ಕುಡಿಸಿ ಬಿಟ್ಟು ಹೋಗ್ಲಾ?"

"ನಾನು ಹಿಡೀತೀನಿ ಕೊಡು. ನೀನು ಹೋಗು. ದೊಡ್ಡಮ್ಮ ಅಲ್ಲಿ ಕಾಯ್ತಿರ್ತಾಳೆ." ಗುಡ್ಡದಲ್ಲಿರುವ ಅಕ್ಕನೂ ಅವಳಿಗೆ ದೊಡ್ಡಮ್ಮನೇ.

"ನಿನ್ನ ಬಿಟ್ಟು ಹೋಗಿ ಒಬ್ಬಳೇ ಹೇಗೆ ಕುಡೀಲಿ? ಒರತೆ ಎಲ್ಲಿಗೂ ಓಡಿ ಹೋಗಲ್ಲ. ಮುಂದಿನ ಭಾನುವಾರ ಹೋಗೋಣ. ನೀನು ಹೋಗಿ ಇನ್ನೊಂದು ಬಾಟ್ಲಿ ತುಂಬಿಸ್ಕೊಂಡು ಬಾ. ಆ ಕೊನೇಲಿ ನಿಂತಿರೋ ಹುಡುಗಿ ಇನ್ನೂ ಕುಡಿದಿಲ್ಲ."

ಡ್ರೈವರು ಕಿಟಕಿಯಿಂದ ತಲೆ ಹಾಕಿ ಕೂಗಿದ: "ಬರ್ತೀಯೇನಮ್ಮಾ, ಇಲ್ವಾ?"

"ಹೋಗಪ್ಪಾ ನೀನು" ಎಂದು ಒಂಟೆ ಕೂಗಿದಳು. "ಒಳಗೆ ಜನ ಇದ್ದಾರೆ!"

ಬಸ್ಸು ಹೊರಟಿತು. ಅದು ತಿರುವಿನಲ್ಲಿ ಮರೆಯಾಗುವವರೆಗೂ ಅವಳು ಗುಡ್ಡದ ಕಡೆ ಮುಖ ಮಾಡಿಯೇ ನಿಂತಿದ್ದಳು. ಎಡಗೈಯ ಕಡೆಯ ಬಟ್ಟೆ ಸ್ವಲ್ಪ ಜಾರಿತ್ತು. ಕೊನೆಯಲ್ಲಿ ನಿಂತಿದ್ದ ಹುಡುಗಿ ಕುಡಿದು ಬಾಯೊರೆಸಿಕೊಂಡು ನಾಚುತ್ತಾ ಒಳಗೆ ಹೋದಳು. ಒಂಟೆ ಜಾರಿದ ತುದಿಯನ್ನು ಮತ್ತೆ ಮೇಲಕ್ಕೆ ಎತ್ತಿ, ಕಿವಿ ತೋಳಿಗೆ ತಾಗುವಷ್ಟು ಎತ್ತರಕ್ಕೆ, ಬಿಗಿಯಾಗಿ ಹಿಡಿದಳು.